ಪ್ರೆವೆಲಿಯ ಈಚಲು

ಮಂಗಳವಾರ, 15 ಅಕ್ಟೋಬರ್ 2024. ಪ್ಲಾಕಿಯಾಸ್, ಕ್ರೀಟ್

ರೆಥಿಮ್ನೋ ಪಟ್ಟಣದಿಂದ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದು ಸಂಜೆ ಹೊತ್ತಿಗೆ ಇಲ್ಲಿಗೆ ಬಂದೆವು. ದಾರಿಯಲ್ಲಿ ಕುರ್ತಾಲಿಯೋತಿಕೊ ಎಂಬ ಕಮರಿ. ಎರಡೂ ಕಡೆ ಬೋಳು ಬಂಡೆ, ಮೇಲೆ ರಣಹದ್ದುಗಳು. ಅಳಿಯಂದಿರು ಕಾರು ನಿಲ್ಲಿಸಿ ಇಳಿದರೆ ಗಾಳಿ ನಿಲ್ಲಗೊಡಲಿಲ್ಲ. ಬಂಡೆಗಳ ನಡುವೆ ಅದು ಚಪ್ಪಾಳೆ ತಟ್ಟಿದ ಹಾಗೆ ಸದ್ದು ಮಾಡುತ್ತದೆ, ಕಮರಿಗೆ ಹೆಸರು ಬಂದಿರುವುದೂ ಆ ಸದ್ದಿನಿಂದಲೇ ಅನ್ನುತ್ತಾರೆ. ತಳದಲ್ಲಿ ಬಂಡೆಯಿಂದ ನೀರು ಉಕ್ಕುತ್ತದೆ. ಸಂತ ನಿಕೋಲಾಸ ಐದು ಬೆರಳು ಊರಿದ ಕಡೆ ಐದು ಒರತೆ ಹುಟ್ಟಿತಂತೆ. ನಮ್ಮಲ್ಲಾಗಿದ್ದರೆ ಇಂಥ ಜಾಗದಲ್ಲೊಂದು ಗುಡಿ ಇರುತ್ತಿತ್ತು ಅಂದುಕೊಳ್ಳುತ್ತಿದ್ದೆ, ಕೆಳಗೆ ನೋಡಿದರೆ ಪುಟ್ಟ ಚರ್ಚು ಇದ್ದೇ ಇದೆ. ಈ ನೀರೇ ಹೊಳೆಯಾಗಿ ನಾಳೆ ನಾವು ನೋಡಲಿರುವ ಪ್ರೆವೆಲಿಯ ದಂಡೆಯಲ್ಲಿ ಕಡಲು ಸೇರುತ್ತದೆ. ಮೊಣಕಾಲು ನೋಯುತ್ತಿದೆ. ಬೇಗ ಮಲಗಬೇಕು.

ಬುಧವಾರ, 16 ಅಕ್ಟೋಬರ್

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಕಾರು ನಿಲ್ಲಿಸುವ ಬಯಲಿನಿಂದ ದಂಡೆಗೆ ನೂರಾರು ಮೆಟ್ಟಿಲು. ಮಗಳು ಸುಮಾ ಒಂದು ಕೈ ಹಿಡಿದಿದ್ದಳು, ಎಂಟು ವರ್ಷದ ಮೊಮ್ಮಗ ಆದಿ ಮುಂದೆ ಓಡುತ್ತಿದ್ದ. ಅರ್ಧ ಇಳಿದ ಮೇಲೆ ಒಂದು ತಿರುವಿನಲ್ಲಿ ಎಲ್ಲವೂ ಒಟ್ಟಿಗೆ ಕಂಡಿತು: ಎದುರಿಗೆ ಲಿಬಿಯನ್ ಸಮುದ್ರ, ಅರ್ಧಚಂದ್ರದಂಥ ಮರಳು, ಮರಳಿನ ಹಿಂದೆ ಹಸಿರು ಕೆರೆಯಂತೆ ನಿಂತ ಹೊಳೆ, ಹೊಳೆಯ ಎರಡೂ ದಡದಲ್ಲಿ ಕಮರಿಯೊಳಗೆ ಹೊಕ್ಕುಹೋದ ಈಚಲು.

ಹೌದು, ಈಚಲು! ಖರ್ಜೂರವೂ ಅಲ್ಲ, ತೆಂಗೂ ಅಲ್ಲ. ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವಳು ನಾನು. ಇಲ್ಲಿನದು ಫೀನಿಕ್ಸ್ ಥಿಯೋಫ್ರಾಸ್ಟಿ, ನಮ್ಮದು ಫೀನಿಕ್ಸ್ ಸಿಲ್ವೆಸ್ಟ್ರಿಸ್. ಒಂದೇ ಕುಲದ ದಾಯಾದಿಗಳು. ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಕ್ರೀಟಿನ ಈ ಮರದ ವಿಚಾರ ಬರೆದಿದ್ದ. ಅವನ ನೆನಪಿಗೆ ಈ ಹೆಸರು ಇಟ್ಟದ್ದು ಮಾತ್ರ 1967ರಲ್ಲಿ. ಬುಡದಿಂದ ಮೂರು ನಾಲ್ಕು ಕಾಂಡ ಒಟ್ಟಿಗೆ ಎದ್ದಿವೆ. ಗರಿಯ ಬುಡದಲ್ಲಿ ಅದೇ ಸೂಜಿ ಮುಳ್ಳು. ಹಣ್ಣು ಬೆರಳ ತುದಿಯಷ್ಟು, ತಿರುಳಿಗಿಂತ ಬೀಜವೇ ಹೆಚ್ಚು. ಚಳ್ಳಕೆರೆ ಕಡೆಯ ನಮ್ಮೂರಿನ ಹಳ್ಳದ ದಂಡೆಯಲ್ಲಿ ಇಂಥದೇ ಮರಗಳ ಕೆಳಗೆ ಹಣ್ಣು ಆಯ್ದು ತಿಂದು ಬೆಳೆದವಳು ನಾನು. ಅವ್ವ ಅದರ ಗರಿಯಲ್ಲಿ ಚಾಪೆ ಹೆಣೆಯುತ್ತಿದ್ದಳು, ಕಸಬರಿಗೆ ಕಟ್ಟುತ್ತಿದ್ದಳು. ಆ ಮರಕ್ಕೆ ನಮ್ಮಲ್ಲಿ ಉಳಿದದ್ದು ಹೆಂಡದ ಹೆಸರು ಮಾತ್ರ. ಅದರ ಕೆಳಗೆ ಕೂತು ಮಜ್ಜಿಗೆ ಕುಡಿದವರನ್ನೂ ಜನ ನಂಬುವುದಿಲ್ಲ ಎಂದು ಗಾದೆಯನ್ನೇ ಕಟ್ಟಿಬಿಟ್ಟೆವು. ಇಲ್ಲಿ ಅದನ್ನು ನೋಡಲು ಜನ ವಿಮಾನ ಹತ್ತಿ ಬರುತ್ತಾರೆ.

ಒಂದು ಕಾಂಡವನ್ನು ಮುಟ್ಟಿ ನೋಡಿದೆ. ಅಂಗೈ ಕಪ್ಪಾಯಿತು. 2010ರ ಆಗಸ್ಟಿನಲ್ಲಿ ಈ ತೋಪಿಗೆ ಬೆಂಕಿ ಬಿದ್ದಿತ್ತು. ದಂಡೆಯೆಲ್ಲ ಕರಿ ಕಂಬಗಳಾದ ಚಿತ್ರವನ್ನು ಸುಮಾ ಫೋನಿನಲ್ಲಿ ತೋರಿಸಿದಳು. ಎಲ್ಲ ಮುಗಿಯಿತು ಅಂದುಕೊಂಡಿದ್ದರು ಜನ. ತಾಳೆ ಜಾತಿಯ ಮರದ ಜೀವ ತೊಗಟೆಯ ಕೆಳಗಷ್ಟೇ ಇರುವುದಿಲ್ಲ. ನೀರು ಸಾಗಿಸುವ ನಾಳಗಳು ಕಾಂಡದ ಒಳಗೆಲ್ಲ ಹರಡಿರುತ್ತವೆ, ಬೆಳೆಯುವ ಮೊಗ್ಗು ನೆತ್ತಿಯಲ್ಲಿ ಗರಿಗಳ ಒತ್ತಿನೊಳಗೆ ಅಡಗಿರುತ್ತದೆ. ಹೊರಗೆ ಸುಟ್ಟರೂ ನೆತ್ತಿ ಉಳಿದರೆ ಮರ ಉಳಿಯುತ್ತದೆ. ಇದನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದೇನೋ! ಕೈಯಲ್ಲಿ ಮಸಿ ಹತ್ತಿಸಿಕೊಂಡು, ತಲೆಯೆತ್ತಿ ಹೊಸ ಗರಿ ನೋಡಿದ್ದು ಇವತ್ತೇ.

ಹೊಳೆಯಲ್ಲಿ ಕಾಲಿಟ್ಟರೆ ಮೂಳೆ ಕೊರೆಯುವ ತಣುಪು. ನಾಲ್ಕು ಹೆಜ್ಜೆ ಆಚೆ ಕಡಲು ಬೆಚ್ಚಗಿದೆ. ಎರಡೂ ಕೂಡುವ ಕಡೆ ಆದಿ ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟು ಬಹಳ ಹೊತ್ತು ನಿಂತಿದ್ದ.

ಗುರುವಾರ, 17 ಅಕ್ಟೋಬರ್

ಇವತ್ತು ದಂಡೆಯ ಮೇಲಿನ ಗುಡ್ಡದಲ್ಲಿರುವ ಪ್ರೆವೆಲಿ ಮಠ. ಸಂತ ಜಾನ್‌ನ ಹೆಸರಿನದು. ಅಂಗಳದಲ್ಲಿ ನಿಂತರೆ ಕೆಳಗೆ ಕಡಲು. ಒಳಗೊಂದು ಶಿಲುಬೆ ಇದೆ, ಕಣ್ಣುಬೇನೆ ಇದ್ದವರು ಬಂದು ಅದಕ್ಕೆ ನಡೆದುಕೊಳ್ಳುತ್ತಾರೆ. ನಾನೂ ಕಣ್ಣು ಮುಚ್ಚಿ ನಿಂತೆ.

1941ರ ಮೇ 20ರಂದು ಜರ್ಮನ್ ಪ್ಯಾರಾಚೂಟ್ ಸೈನಿಕರು ಈ ದ್ವೀಪದ ಮೇಲೆ ಇಳಿದರು. ತಿಂಗಳು ಮುಗಿಯುವ ಹೊತ್ತಿಗೆ ಕ್ರೀಟ್ ಬಿದ್ದಿತ್ತು. ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪಡೆಗಳಲ್ಲಿ ಹಡಗು ಸಿಕ್ಕವರು ಹೋದರು. ಸಿಗದವರು ಸೆರೆಯಾದರು, ಇಲ್ಲವೇ ಗುಡ್ಡಗಳಲ್ಲಿ ತಲೆಮರೆಸಿಕೊಂಡರು. ಹಾಗೆ ಅಡಗಿದವರು ಒಬ್ಬೊಬ್ಬರಾಗಿ ಈ ಮಠದ ಕಡೆ ಬಂದರು. ಮಠಾಧಿಪತಿ ಅಗಾಥಾಂಗೆಲೋಸ್ ಲಗುವಾರ್ದೋಸ್ ಅವರನ್ನು ಮಠದಲ್ಲೂ ಸುತ್ತಲಿನ ಹಳ್ಳಿಗಳ ಮನೆಗಳಲ್ಲೂ ಇರಿಸಿ ಅನ್ನ ಹಾಕಿದರು. ಸಿಕ್ಕಿಬಿದ್ದರೆ ಇಡೀ ಊರಿಗೆ ಗುಂಡೇಟು ಎಂದು ಎಲ್ಲರಿಗೂ ಗೊತ್ತಿತ್ತು. ಜುಲೈಯಲ್ಲಿ ಥ್ರಾಶರ್, ಆಗಸ್ಟಿನಲ್ಲಿ ಟಾರ್ಬೇ, ಹೀಗೆ ಎರಡು ಬ್ರಿಟಿಷ್ ಜಲಾಂತರ್ಗಾಮಿಗಳು ರಾತ್ರಿ ಕೆಳಗಿನ ಕೊಲ್ಲಿಗೆ ಬಂದು ಅವರನ್ನು ಕತ್ತಲಲ್ಲೇ ಏರಿಸಿಕೊಂಡು ಈಜಿಪ್ಟಿಗೆ ಹೋದವು. ನಿನ್ನೆ ಆದಿ ಮರಳಿನ ಕೋಟೆ ಕಟ್ಟಿದ ದಂಡೆ ಅದು.

ಸುದ್ದಿ ಜರ್ಮನ್ನರಿಗೆ ತಲುಪಿತು. ಈ ಮಠಕ್ಕೇ ಸೇರಿದ ಕೆಳಮಠವನ್ನು ದೋಚಿ ಹಾಳುಗೆಡವಿದರು. ಅದರ ಗೋಡೆಗಳು ದಾರಿಯಲ್ಲಿ ಈಗಲೂ ಹಾಗೇ ನಿಂತಿವೆ. ಮಠಾಧಿಪತಿಗಳು ಈಜಿಪ್ಟಿಗೆ ಪಾರಾದರು.

ನಮ್ಮ ದುರ್ಗದ ಸೀಮೆಯಲ್ಲಿ ಮಠ ಅಂದರೆ ಮೊದಲು ದಾಸೋಹ. ಬಂದವರ ಜಾತಿ, ಊರು ಕೇಳದೆ ಎಲೆ ಹಾಕುವುದು. ಇಲ್ಲಿ ಹಾಕಿದ್ದೂ ಆ ಎಲೆಯೇ. ಯುದ್ಧದ ಬರಗಾಲದಲ್ಲಿ, ತಮ್ಮ ಮಕ್ಕಳ ಪಾಲಿನ ರೊಟ್ಟಿಯನ್ನು ಭಾಷೆ ತಿಳಿಯದ ಹುಡುಗರಿಗೆ ಮುರಿದುಕೊಟ್ಟ ಆ ಹಳ್ಳಿಗಳ ಹೆಂಗಸರ ಹೆಸರು ನಾನು ನೋಡಿದ ಯಾವ ಕಲ್ಲಿನ ಮೇಲೂ ಕಾಣಲಿಲ್ಲ. ಅದು ಮಧ್ಯಾಹ್ನವೆಲ್ಲ ಕೊರೆಯುತ್ತಿತ್ತು.

ಕಡಲಿಗೆ ಮುಖ ಮಾಡಿ ಒಂದು ಸ್ಮಾರಕ ಇದೆ. ಕಂಚಿನ ಇಬ್ಬರು: ಬಂದೂಕು ಹಿಡಿದ ಗಡ್ಡದ ಸನ್ಯಾಸಿ, ಬಂದೂಕು ಹಿಡಿದ ಸೈನಿಕ. ಸನ್ಯಾಸಿಯ ಕೈಯಲ್ಲಿ ಬಂದೂಕು ನನಗೆ ಒಗ್ಗಲಿಲ್ಲ. 1821ರ ದಂಗೆಯಲ್ಲಿ ತುರ್ಕರ ವಿರುದ್ಧ ಎದ್ದವರಲ್ಲೂ ಈ ಮಠದ ಅಧಿಪತಿ ಮೆಲ್ಕಿಸೆದೆಕ್ ತ್ಸುದೆರೋಸ್ ಇದ್ದರು ಎಂದು ಸುಮಾ ಹೇಳಿದ ಮೇಲೆ ಇನ್ನೊಮ್ಮೆ ನೋಡಿದೆ. ಇಲ್ಲಿಯವರಿಗೆ ಅದು ಅಪರೂಪವಲ್ಲ.

ಆದಿ ಪ್ರತಿಮೆಯ ಬೂಟು ಮುಟ್ಟುತ್ತಾ ಕೇಳಿದ: "ಅಜ್ಜಿ, ಇವರು ಯಾರಿಗೆ ಹೆದರಿ ಅಡಗಿದ್ದರು?"

"ಜರ್ಮನ್ ಸೈನ್ಯಕ್ಕೆ."

"ನಮ್ಮ ಜರ್ಮನಿಯಾ?"

ಅವನು ಹುಟ್ಟಿದ್ದು ಕಲೋನಿನಲ್ಲಿ. ಕನ್ನಡ ಮನೆಯದು, ಉಳಿದದ್ದೆಲ್ಲ ಜರ್ಮನ್. ನನಗೆ ಮಾತು ಹೊರಡಲಿಲ್ಲ. ಸುಮಾ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಹೌದು ಪುಟ್ಟಾ, ನಮ್ಮದೇ" ಅಂದಳು. ಆಮೇಲೆ ಇಬ್ಬರೂ ಜರ್ಮನಿನಲ್ಲಿ ಬಹಳ ಹೊತ್ತು ಮಾತಾಡಿದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಆದರೂ ಪಕ್ಕದಲ್ಲೇ ನಿಂತಿದ್ದೆ.

ಶುಕ್ರವಾರ, 18 ಅಕ್ಟೋಬರ್. ಬೆಳಗಿನ ಜಾವ

ಪೆಟ್ಟಿಗೆ ಕಟ್ಟಿಯಾಯಿತು. ಮೊನ್ನೆ ಆಯ್ದ ನಾಲ್ಕು ಈಚಲ ಹಣ್ಣು ಸೆರಗಿನ ಗಂಟಿನಲ್ಲಿತ್ತು. ಊರಿಗೆ ಒಯ್ದು ಬಿತ್ತುವ ಆಸೆ. ಇರುವ ಜಾಗಗಳೇ ಬೆರಳೆಣಿಕೆಯ ಮರ ಇದು, ಒಯ್ಯಬಾರದು. ನಿನ್ನೆ ಸಂಜೆ ಹಟ ಮಾಡಿ ಮತ್ತೆ ದಂಡೆಗೆ ಇಳಿದು, ಹೊಳೆಯ ಪಕ್ಕದ ಹಸಿಮಣ್ಣಿನಲ್ಲಿ ಹಾಕಿ ಬಂದೆ.

ನಮ್ಮೂರ ಹಳ್ಳದ ಈಚಲಿನ ಫೋಟೊ ಕಳಿಸು ಅಜ್ಜಿ, ಎರಡನ್ನೂ ಹೋಲಿಸಿ ನೋಡಬೇಕು ಅಂದಿದ್ದಾನೆ ಆದಿ. ಮರಳು ತೆಗೆಯುವ ಟ್ರ್ಯಾಕ್ಟರಿಗೆ ದಾರಿ ಮಾಡಲು ಮೇಲಿನ ಸಾಲನ್ನು ಆಗಲೇ ಕಡಿದಿದ್ದಾರೆ. ಸೇತುವೆ ಪಕ್ಕದ ಮೂರು ಮರ ಹೋದ ಯುಗಾದಿಗೆ ಇದ್ದವು. ಊರು ಮುಟ್ಟಿದ ದಿನವೇ ಹೋಗಿ ನೋಡಬೇಕು.