ರಾತ್ರಿ ಪಾಳಿಯ ದನಿ

ಪಿಯುಸಿ ಮುಗಿದ ಮೇಲೆ ಏನು ಮಾಡುತ್ತೀ ಎಂದು ಕೇಳಿದವರಿಗೆಲ್ಲ ನಾನು ‘ರೇಡಿಯೊದಲ್ಲಿ ಮಾತಾಡುವ ಕೆಲಸ’ ಎನ್ನುತ್ತೇನೆ. ಕೆಲವರು ನಗುತ್ತಾರೆ. ಇನ್ನು ಕೆಲವರು, “ಅದೆಲ್ಲ ಸಿಗುವ ಕೆಲಸವಾ?” ಎನ್ನುತ್ತಾರೆ. ಅದು ನನ್ನದೂ ಪ್ರಶ್ನೆ. ಆ ಕೆಲಸ ಸಿಕ್ಕಿದವರಿಗೆ ಹೇಗೆ ಸಿಕ್ಕಿತು ಎಂದು ಓದುತ್ತಾ ಹೋದಾಗ ನನಗೆ ಬಹಳ ಹಿಡಿಸಿದ್ದು ಅಮೆರಿಕದ ರಾಲ್ಫ್ ಎಮೆರಿ ಅವರ ಬದುಕು.

ಎಮೆರಿ 1933ರಲ್ಲಿ ಟೆನೆಸಿ ರಾಜ್ಯದ ಒಂದು ಸಣ್ಣ ಊರಿನಲ್ಲಿ ಹುಟ್ಟಿದರು. ಅಜ್ಜ ಅಜ್ಜಿಯ ಹೊಲಮನೆಯಲ್ಲಿ ಬೆಳೆದ ಹುಡುಗನಿಗೆ ರೇಡಿಯೊವೇ ಹೊರಜಗತ್ತು. ಆ ಕಡೆಯ ಜನರ ಹಾಡು ಕಂಟ್ರಿ ಸಂಗೀತ. ಗಿಟಾರ್, ಫಿಡಲ್ ಹಿಡಿದು ದುಡಿಮೆ, ಪ್ರೀತಿ, ಅಗಲಿಕೆಗಳ ಕಥೆ ಹೇಳುವ ಹಾಡುಗಳವು. ನ್ಯಾಶ್‌ವಿಲ್ ನಗರದ ಡಬ್ಲ್ಯುಎಸ್‌ಎಂ ಕೇಂದ್ರದಲ್ಲಿ 1925ರಲ್ಲಿ ಶುರುವಾದ ಕಾರ್ಯಕ್ರಮವೇ ಮುಂದೆ ‘ಗ್ರ್ಯಾಂಡ್ ಓಲ್ ಓಪ್ರಿ’ ಎಂದು ಹೆಸರಾಯಿತು.

ಎಮೆರಿ ನೇರವಾಗಿ ಅಲ್ಲಿಗೆ ಹೋಗಲಿಲ್ಲ. ಪ್ರಸಾರ ಕಲಿಸುವ ಶಾಲೆ ಸೇರಿದರು. ಮೊದಲ ಕೆಲಸ ಟೆನೆಸಿಯದೇ ಒಂದು ಚಿಕ್ಕ ಪಟ್ಟಣದ ಕೇಂದ್ರದಲ್ಲಿ. 1957ರಲ್ಲಿ, 24ನೇ ವಯಸ್ಸಿನಲ್ಲಿ ಡಬ್ಲ್ಯುಎಸ್‌ಎಂ ಸೇರಿದಾಗ ಸಿಕ್ಕಿದ್ದು ಊರೆಲ್ಲ ಮಲಗಿದ ಮೇಲಿನ ರಾತ್ರಿ ಪಾಳಿ.

ವಿಜ್ಞಾನ ವಿಭಾಗದ ಗೆಳೆಯರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಹಗಲಿನಲ್ಲಿ ಅಯಾನುಮಂಡಲದ ಕೆಳಪದರ ಮಧ್ಯಮ ತರಂಗಗಳನ್ನು ಹೀರಿಕೊಳ್ಳುತ್ತದೆ. ರಾತ್ರಿ ಆ ಪದರ ಇಲ್ಲವಾಗುವುದರಿಂದ ತರಂಗಗಳು ಮೇಲಿನ ಪದರಕ್ಕೆ ತಾಗಿ ಬಹುದೂರದಲ್ಲಿ ನೆಲಕ್ಕಿಳಿಯುತ್ತವೆ. 50,000 ವ್ಯಾಟ್ ಶಕ್ತಿಯ ಆ ಕೇಂದ್ರದ ದನಿ ರಾತ್ರಿಯಲ್ಲಿ ಹಲವು ರಾಜ್ಯಗಳನ್ನು ದಾಟುತ್ತಿತ್ತು. ಹೆದ್ದಾರಿಯ ಟ್ರಕ್ ಚಾಲಕರು ಕೇಳುತ್ತಿದ್ದರು. ಗಾಯಕರು ಸ್ಟುಡಿಯೊಗೇ ಬಂದು ಹರಟುತ್ತಿದ್ದರು. 1972ರವರೆಗೆ ಎಮೆರಿ ಆ ಪಾಳಿ ಬಿಡಲಿಲ್ಲ.

ನನ್ನ ಉಪ್ಪ ಲಾರಿ ಓಡಿಸುತ್ತಾರೆ. ಶಿರಾಡಿ ಘಾಟಿಯಲ್ಲಿ ರಾತ್ರಿ ಒಬ್ಬರೇ ಇರುವಾಗ ನಿದ್ದೆ ಓಡಿಸುವುದು ಹಾಡಿಗಿಂತ ಹಾಡಿನ ನಡುವಿನ ಮಾತು ಎನ್ನುತ್ತಾರೆ. ಯಾರೋ ಎಚ್ಚರವಾಗಿದ್ದಾರೆ ಎಂಬ ಧೈರ್ಯವಂತೆ ಅದು. ಎಮೆರಿಯ ಕೆಲಸ ಏನೆಂದು ನನಗೆ ಅರ್ಥವಾದದ್ದು ಉಪ್ಪನ ಈ ಮಾತಿನಿಂದ.

ಈ ದಾರಿ ಸುಲಭ ಎಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ ಈಗ ಒಬ್ಬರೇ ಮೊದಲೇ ಧ್ವನಿಮುದ್ರಿಸಿದ ಮಾತು ಹಲವು ಊರುಗಳ ಕೇಂದ್ರಗಳಲ್ಲಿ ಪ್ರಸಾರವಾಗುತ್ತದೆ. ಹೊಸಬರು ಕಲಿಯುತ್ತಿದ್ದ ರಾತ್ರಿ ಪಾಳಿಗಳು ಕಡಿಮೆಯಾಗಿವೆ. ಆದರೂ ಕೆಲಸ ಕೇಳುವವರು ತಮ್ಮ ಮಾತಿನ ತುಣುಕುಗಳ ಧ್ವನಿಮುದ್ರಿಕೆ ಕಳಿಸಲೇಬೇಕು. ಪೀಠಿಕೆಯ ಸಂಗೀತ ಮುಗಿದು ಗಾಯಕ ಬಾಯಿ ತೆರೆಯುವ ಮೊದಲು ಮಾತು ನಿಲ್ಲಬೇಕು. ಹಾಡಿದವರ ಬಗ್ಗೆ ತಿಳಿದಿರಬೇಕು. ನಮ್ಮ ಆಕಾಶವಾಣಿಯಲ್ಲೂ ಅರೆಕಾಲಿಕ ಉದ್ಘೋಷಕರಾಗಲು ಲಿಖಿತ ಪರೀಕ್ಷೆ, ಧ್ವನಿ ಪರೀಕ್ಷೆ ದಾಟಬೇಕು. ಮನೆಯಲ್ಲಿ ಬ್ಯಾರಿ ಮಾತಾಡುವ ನನ್ನ ಕನ್ನಡ ಅಲ್ಲಿ ಒಪ್ಪಿಗೆಯಾಗುತ್ತದೋ ಎಂಬ ಅಳುಕು ನನಗಿದೆ. ಅದಕ್ಕೇ ದಿನವೂ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳುತ್ತೇನೆ.

ನಮ್ಮ ಬೆಳಗಿನ ಅಸೆಂಬ್ಲಿಯಲ್ಲಿ ಶನಿವಾರ ಸುದ್ದಿ ಓದಲು ಯಾರೂ ಮುಂದೆ ಬರುವುದಿಲ್ಲ. ಈ ತಿಂಗಳಿಂದ ಆ ಶನಿವಾರಗಳನ್ನೆಲ್ಲ ನಾನು ಕೇಳಿ ಪಡೆದಿದ್ದೇನೆ.