ಗುಂಡು, ಹಾಸರೆ, ದುರ್ಗ

ಗಂಗಾವತಿ ತಾಲ್ಲೂಕಿನ ಮರಳಿಯ ಸುತ್ತ ಎಲ್ಲಿ ನೋಡಿದರೂ ಭತ್ತದ ಗದ್ದೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೃಪೆ. ಇಲ್ಲಿ ನಿಂತು ಇದು ಕಲ್ಲಿನ ಸೀಮೆ ಎಂದರೆ ಯಾರೂ ನಂಬುವುದಿಲ್ಲ. ಗಂಗಾವತಿಗೆ ಬಂದು ಆನೆಗೊಂದಿಯ ದಾರಿ ಹಿಡಿದರೆ ಸಾಕು, ಗದ್ದೆಯ ಬದುವಿನಿಂದಲೇ ಬಂಡೆಗಳು ಎದ್ದು ನಿಲ್ಲುತ್ತವೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇದು. ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಸವೆದು, ಚೌಕದ ತುಂಡುಗಳೆಲ್ಲ ದುಂಡಗಾಗಿವೆ.

ನೆಟ್ಟಗೆ ನಿಂತ ಇಂಥ ಬಂಡೆಯ ಮೈಗೆ ಕನ್ನಡದಲ್ಲಿ ಏನನ್ನುತ್ತಾರೆ? ಶಾಲೆಯ ಮಕ್ಕಳನ್ನು ಕೇಳಿದರೆ ‘ಪ್ರಪಾತ’ ಎಂದಾರು. ಆದರೆ ಪ್ರಪಾತ ಮೇಲೆ ನಿಂತು ಕೆಳಗೆ ನೋಡುವವನ ಮಾತು. ಜಲಪಾತದಲ್ಲಿರುವ ‘ಪಾತ’ವೇ, ಅಂದರೆ ಬೀಳುವಿಕೆಯೇ, ಅದರಲ್ಲೂ ಇದೆ. ಕೆಳಗೆ ನಿಂತವನು ‘ಕಡಿದಾದ ಬಂಡೆ’ ಎನ್ನುತ್ತಾನೆ. ಈ ಕಡಿದು ಕೊಡಲಿಯಿಂದ ಕಡಿದದ್ದಲ್ಲ. ಕಡುಬಡತನ, ಕಡುಕಷ್ಟಗಳ ‘ಕಡು’ವಿನ ನೆಂಟ. ಮಲೆನಾಡಿನವರ ‘ಧರೆ’ ಮಣ್ಣಿನದು, ಮಳೆಗಾಲದಲ್ಲಿ ಕುಸಿದು ಸುದ್ದಿಯಾಗುವಂಥದ್ದು. ಈ ಕಲ್ಲುಗಳ ನಡುವೆ ಆ ಮಾತಿಗೆ ಕೆಲಸವಿಲ್ಲ.

ಇಲ್ಲಿ ಕೆಲಸವಿರುವುದು ‘ಗುಂಡು’ ಎಂಬ ಪದಕ್ಕೆ. ಜಾತ್ರೆಯಲ್ಲಿ ಪೈಲ್ವಾನರು ಎತ್ತುವ ಕಲ್ಲೂ ಗುಂಡು, ಮನೆಯಷ್ಟು ದೊಡ್ಡ ಬಂಡೆಯೂ ಗುಂಡು. ‘ಆ ಗುಂಡಿನ ನೆರಳಿಗೆ ಕುಂದರ್ರಿ’ ಎಂದರೆ ಎರಡನೆಯದೆಂದು ತಿಳಿಯಬೇಕು! ಕೊಪ್ಪಳದ ಪಾಲ್ಕಿಗುಂಡು ಇದಕ್ಕೆ ಒಳ್ಳೆಯ ಉದಾಹರಣೆ. ಬೆಟ್ಟದ ನೆತ್ತಿಯಲ್ಲಿ ಬಂಡೆಗಳ ಮೇಲೆ ಚಪ್ಪಡಿಯೊಂದು ಪಲ್ಲಕ್ಕಿಯ ಹಾಗೆ ಕೂತಿದೆ. ಅದರ ಕೆಳಗೆ ಅಶೋಕನ ಶಾಸನವಿದೆ. ಅದೇ ಊರಿನ ಗವಿಮಠದ ಶಾಸನದ ಜೊತೆಗೆ 1931ರಲ್ಲಿ ಇದು ವಿದ್ವಾಂಸರ ಗಮನಕ್ಕೆ ಬಂತು. ಒಂದು ಹೆಸರು ಗುಂಡಿನಿಂದ, ಇನ್ನೊಂದು ಗವಿಯಿಂದ. ಕಲ್ಲನ್ನು ಕಂಡ ಹಾಗೆ ಹೆಸರಿಡುವುದು ಈ ಸೀಮೆಯ ರೂಢಿ.

ಮಲಗಿದ ಬಂಡೆ ಹಾಸುಗಲ್ಲು, ಹಾಸುಬಂಡೆ. ಹಳಗನ್ನಡದಲ್ಲಿ ‘ಅಱೆ’ ಎಂದರೆ ಬಂಡೆ. ಆದ್ದರಿಂದ ಇದು ಹಾಸರೆ. ಅರ್ಧ ಎಂಬ ಅರ್ಥದ ‘ಅರೆ’ಯೊಂದಿಗೆ ಬೆರೆತು ಆ ಪದ ಈಗ ನಿಘಂಟಿಗೆ ಸರಿದಿದೆ. ನಷ್ಟವೆಂದೇ ನನ್ನ ಎಣಿಕೆ. ಹಾಸರೆ ಬಿಸಿಲಲ್ಲಿ ಕಾಳು ಒಣಗಿಸಲು ಹೇಳಿಸಿದ ಜಾಗ, ಮಳೆಯಲ್ಲಿ ಕಾಲು ಜಾರುವ ಜಾಗ. ಬರೀ ‘ಬಂಡೆ’ ಎಂದರೆ ಈ ಎಚ್ಚರ ಹುಟ್ಟುವುದಿಲ್ಲ.

ಹತ್ತಲಾಗದ್ದಕ್ಕೆ ಸಂಸ್ಕೃತದಿಂದ ಬಂದದ್ದು ‘ದುರ್ಗ’, ಹೋಗಲು ಕಷ್ಟವಾದದ್ದು. ಹೇಮಗುಡ್ಡದ ಆಸುಪಾಸಿನ ಕುಮ್ಮಟದುರ್ಗ ಕುಮಾರರಾಮನ ನೆಲೆ. ಅಲ್ಲಿ ಅರ್ಧ ಕೋಟೆಯನ್ನು ಗುಡ್ಡವೇ ಕಟ್ಟಿಕೊಟ್ಟಿತ್ತು. ಆದರೂ 1327ರ ಸುಮಾರಿಗೆ ದೆಹಲಿಯ ತುಘಲಕ್ ಸೈನ್ಯದ ಮುಂದೆ ಕಂಪಿಲಿ ರಾಜ್ಯ ಉಳಿಯಲಿಲ್ಲ.

ಮೈಸೂರು ಕಡೆಯವರಿಗೆ ಒಂದು ಮಾತು. ನಿಮ್ಮಲ್ಲಿ ಗುಡ್ಡ ಚಿಕ್ಕದು, ಬೆಟ್ಟ ದೊಡ್ಡದು. ಇಲ್ಲಿ ದೊಡ್ಡದನ್ನೂ ಗುಡ್ಡವೆಂದೇ ಕರೆಯುತ್ತಾರೆ. ಆ ಲೆಕ್ಕದಲ್ಲಿ ಹಿರೇಬೆಣಕಲ್ಲಿನ ಮೊರೇರ ಗುಡ್ಡಕ್ಕೆ ಚಪ್ಪಲಿಯಲ್ಲಿ ಹೊರಟರೆ ಪಾದಗಳೇ ಪಾಠ ಕಲಿಯುತ್ತವೆ. ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಕಲ್ಲುಗೋರಿಗಳಿವೆ. ಅವುಗಳ ಗೋಡೆ, ಸೂರು ಎಲ್ಲವೂ ಅದೇ ಗುಡ್ಡದಿಂದ ಪದರುಪದರಾಗಿ ಎಬ್ಬಿಸಿದ ಚಪ್ಪಡಿ. 2021ರಲ್ಲಿ ಇದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ನಿಧಿಯಾಸೆಗೆ ಅಗೆದವರ ಕೈಯಲ್ಲಿ ಹಲವು ಗೋರಿಗಳು ಅಷ್ಟರಲ್ಲೇ ಮುರಿದಿದ್ದವು.

ಅಲ್ಲೇ ನಗಾರಿಯಂಥ ಗುಂಡೊಂದಿದೆ. ಸಣ್ಣ ಕಲ್ಲಿನಿಂದ ತಟ್ಟಿದರೆ ನಾದ ದೂರ ಹೋಗುತ್ತದೆ. ಗಂಗಾವತಿಯಿಂದ ಕೊಪ್ಪಳದ ಕಡೆಗೆ ಹತ್ತು ಕಿಲೋಮೀಟರಿನಷ್ಟು ದೂರ ಹೋಗಿ, ಹಿರೇಬೆಣಕಲ್ಲಿನಲ್ಲಿ ದಾರಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕುಡಿಯುವ ನೀರು ನಿಮ್ಮದೇ ಇರಲಿ.