ಎಮರಾಲ್ಡ್ ದಂಡೆಯಲ್ಲಿ ಎರಡು ರಾತ್ರಿ

ಊಟಿಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿ. ಬೊಟಾನಿಕಲ್ ಗಾರ್ಡನ್, ದೋಣಿ ವಿಹಾರ, ದೊಡ್ಡಬೆಟ್ಟ, ಬರುವಾಗ ಒಂದು ಕಟ್ಟು ಕ್ಯಾರೆಟ್ಟು. ಗೂಡಲೂರಿನ ದಾರಿಯಲ್ಲಿ ಹೋದವರಾದರೆ ಕಾಮರಾಜ ಸಾಗರದ ಪಕ್ಕದ ಪೈನ್ ಕಾಡನ್ನೂ ಸೇರಿಸುತ್ತಾರೆ. ಅಲ್ಲಿ ಬಸ್ಸು ನಿಲ್ಲುವುದು ಹತ್ತೇ ನಿಮಿಷ. ಸಿನಿಮಾ ಹಾಡುಗಳಲ್ಲಿ ನೋಡಿದ ಭಂಗಿಯಲ್ಲೇ ಮರಕ್ಕೊರಗಿ ಫೋಟೊ ತೆಗೆಸಿಕೊಂಡು, ಕೆಳಗೆ ಮಿನುಗುವ ನೀರನ್ನೊಮ್ಮೆ ನೋಡಿ ಎಲ್ಲರೂ ಮತ್ತೆ ಬಸ್ಸು ಹತ್ತುತ್ತಾರೆ.

ಅಂಥದೇ ಕಾಡು, ಅಂಥದೇ ನೀರು. ಆದರೆ ಹತ್ತು ನಿಮಿಷಕ್ಕೆ ಬದಲು ಎರಡು ರಾತ್ರಿ. ಹೈಸ್ಕೂಲಿನ ಹದಿನಾಲ್ಕು ಮಕ್ಕಳು ಮತ್ತು ನಾವು ಮೂವರು ಹಿರಿಯರು ಜನವರಿಯಲ್ಲಿ ಎಮರಾಲ್ಡಿಗೆ ಹೊರಟದ್ದು ಇದಕ್ಕಾಗಿ. ಊಟಿಯಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ, ಎರಡು ಸಾವಿರ ಮೀಟರ್ ಎತ್ತರದಲ್ಲಿ ಅವಲಾಂಚಿ ಮತ್ತು ಎಮರಾಲ್ಡ್ ಎಂಬ ಜೋಡಿ ಜಲಾಶಯಗಳಿವೆ. ಕಾಯ್ದಿಟ್ಟ ಅರಣ್ಯದೊಳಗೆ ಯಾರೂ ತಮ್ಮಷ್ಟಕ್ಕೆ ಡೇರೆ ಹಾಕುವಂತಿಲ್ಲ. ನಮ್ಮ ಡೇರೆಗಳು ಎದ್ದದ್ದು ಕಾಡಿನ ಬೇಲಿಗೆ ತಾಗಿದ್ದ ಖಾಸಗಿ ಚಹಾ ತೋಟದ ಅಂಚಿನಲ್ಲಿ. ಬೇಲಿಯಾಚೆ ಪೈನ್, ಕೆಳಗೆ ನೀರು.

ಡೇರೆ ಎಲ್ಲಿ ಹೂಡಬೇಕೆಂಬುದೇ ಮೊದಲ ಪಾಠವಾಯಿತು. ಮಕ್ಕಳಿಗೆಲ್ಲ ನೀರಿನಂಚೇ ಬೇಕು. ತೋಟದ ಮೇಸ್ತ್ರಿ ಒಪ್ಪಲಿಲ್ಲ. ಇನ್ನಷ್ಟು ಮೇಲಕ್ಕೆ ಬನ್ನಿ ಎಂದರು. ಕಾರಣ ಬೆಳಗ್ಗೆ ಕಣ್ಣಿಗೇ ಕಂಡಿತು. ತಂಪಾದ ಗಾಳಿ ಭಾರ. ರಾತ್ರಿಯಿಡೀ ಅದು ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಏಳು ಗಂಟೆಗೆ ನೋಡಿದರೆ ದಂಡೆಯ ಹುಲ್ಲಿನ ಮೇಲೆ ಯಾರೋ ಉಪ್ಪಿನ ಹುಡಿ ಎರಚಿದಂತೆ ಇಬ್ಬನಿ ಹೆಪ್ಪುಗಟ್ಟಿತ್ತು. ಐವತ್ತು ಹೆಜ್ಜೆ ಮೇಲೆ, ಮರದ ಆಸರೆಯಲ್ಲಿದ್ದ ನಮ್ಮ ಡೇರೆಗಳ ಮೇಲೆ ಬರೀ ನೀರಹನಿ. ನೀಲಗಿರಿಯ ತಗ್ಗುಗಳಲ್ಲಿ ಮರ ಬೆಳೆಯದೆ ಹುಲ್ಲೇ ಉಳಿಯುವುದಕ್ಕೆ ಈ ಹಿಮವೂ ಒಂದು ಕಾರಣ ಎನ್ನುತ್ತಾರೆ. ಪುಸ್ತಕದಲ್ಲಿ ಓದುವುದಕ್ಕಿಂತ ಚಪ್ಪಲಿಯಲ್ಲಿ ನಡೆದು ಕಾಲು ಮರಗಟ್ಟಿಸಿಕೊಂಡಾಗ ಇದು ಚೆನ್ನಾಗಿ ಅರ್ಥವಾಗುತ್ತದೆ.

ಪೈನ್ ಕಾಡಿನ ಹಾಸಿಗೆ ಮೆತ್ತಗಿರುತ್ತದೆ. ಸೂಜಿಯಂಥ ಎಲೆ ವರ್ಷಗಳಿಂದ ಉದುರಿ ಗೇಣುದ್ದ ಮೆತ್ತೆಯಾಗಿದೆ. ಆದರೆ ಎಲೆಯಲ್ಲಿ ರಾಳವಿದೆ, ಒಂದು ಕಿಡಿ ಸಾಕು. ಆದ್ದರಿಂದ ಬೆಂಕಿಯ ಸುತ್ತ ಕುಳಿತು ಹಾಡುವ ಆಸೆಯನ್ನು ಮನೆಯಲ್ಲೇ ಬಿಟ್ಟು ಬರಬೇಕು. ಅಡುಗೆ ತೋಟದ ಮನೆಯ ಜಗಲಿಯಲ್ಲಿ ಆಯಿತು. ಬಾಳೆಹಣ್ಣು, ಬೆಲ್ಲ, ಚಕ್ಕುಲಿ ಯಾವುದೂ ಡೇರೆಯೊಳಗೆ ಇರಬಾರದೆಂಬ ಕಟ್ಟಪ್ಪಣೆಯೂ ಇತ್ತು. ಈ ಕಡೆ ಕರಡಿ ಮನೆಬಾಗಿಲಿಗೇ ಬರುವ ಪ್ರಾಣಿ. ನಮಗೆ ಕಂಡದ್ದು ಕಾಟಿ ಮಾತ್ರ. ಮುಂಜಾನೆ ಚಹಾ ಗಿಡಗಳ ನಡುವೆ ನಾಲ್ಕು ನಿಂತಿದ್ದವು. ಸೊಂಟದವರೆಗೆ ಹಸಿರು, ಮೇಲೆ ಕಪ್ಪು.

ಮೊದಲ ರಾತ್ರಿ ಎರಡು ಗಂಟೆಯ ಹೊತ್ತಿಗೆ ಒಬ್ಬ ಹುಡುಗಿ ಎದ್ದು, ‘ಸಾರ್, ಮಳೆ!’ ಎಂದಳು. ಹೊರಗೆ ಬಂದರೆ ಆಕಾಶದ ತುಂಬ ನಕ್ಷತ್ರ. ಸೂಜಿ ಎಲೆಗಳ ನಡುವೆ ಗಾಳಿ ಹಾಯುವ ಸದ್ದು ಅದು, ದೂರದ ಮಳೆಯಂತೆಯೇ ಸುಯ್ಯೆನ್ನುತ್ತದೆ. ಇನ್ನೊಂದು ಸಂಗತಿಯನ್ನು ಬೆಳಗ್ಗೆ ಅವಳೇ ಗಮನಿಸಿದಳು: ಪೈನ್ ಕಾಡಿನೊಳಗೆ ಹಕ್ಕಿಗಳ ದನಿಯೇ ಇಲ್ಲ. ಕೆಳಗೆ ಪೊದೆಯಿಲ್ಲ, ಹೂವಿಲ್ಲ, ಹಣ್ಣಿಲ್ಲ. ಮರಗಳು ಡ್ರಿಲ್ ಮೈದಾನದ ಹುಡುಗರಂತೆ ಸಾಲಾಗಿ ನಿಂತಿವೆ.

ಸಾಲಾಗಿ ನಿಂತಿರುವುದು ಯಾಕೆಂದರೆ ಅವುಗಳನ್ನು ನೆಟ್ಟದ್ದು ಮನುಷ್ಯರು. ಉದುರಿದ ಎಲೆಯ ಗೊಂಚಲನ್ನು ಹೆಕ್ಕಿ ಎಣಿಸಿ: ಸಾಮಾನ್ಯವಾಗಿ ಮೂರು ಸೂಜಿ, ಜೋಲಾಡುವಂಥವು. ನೀಲಗಿರಿಯಲ್ಲಿ ಹೆಚ್ಚಾಗಿ ನೆಟ್ಟ ಪೈನಸ್ ಪಟುಲಾ ಇದು, ಹುಟ್ಟೂರು ಮೆಕ್ಸಿಕೊ. ಅದಕ್ಕೂ ಮೊದಲು, 1843ರಲ್ಲಿ, ಕ್ಯಾಪ್ಟನ್ ಕಾಟನ್ ಎಂಬಾತ ಆಸ್ಟ್ರೇಲಿಯಾದ ಯೂಕಲಿಪ್ಟಸ್ಸನ್ನು ಈ ಬೆಟ್ಟಕ್ಕೆ ತಂದ. ಅದು ಇಲ್ಲಿ ಎಷ್ಟು ಬೇರೂರಿತೆಂದರೆ ನಾವು ಕನ್ನಡಿಗರು ಅದನ್ನು ಕರೆಯುವುದೇ ‘ನೀಲಗಿರಿ ಮರ’ ಎಂದು. ಇಲ್ಲಿಯದಲ್ಲದ ಮರಕ್ಕೆ ಇಲ್ಲಿಯ ಬೆಟ್ಟದ ಹೆಸರು!

ಹಾಗಾದರೆ ಇಲ್ಲಿಯದು ಯಾವುದು? ಕುದುರೆಮುಖ, ಬಾಬಾಬುಡನ್‌ಗಿರಿಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಗುಡ್ಡದ ಮೈಗೆಲ್ಲ ಹುಲ್ಲು, ಮಡಿಕೆಗಳಲ್ಲಿ ಕುಳ್ಳ ಮರಗಳ ದಟ್ಟ ಶೋಲಾ ಕಾಡು. ತೋಡರ ಎಮ್ಮೆಗಳು ಮೇಯುತ್ತಿದ್ದುದು ಆ ಹುಲ್ಲಿನಲ್ಲಿ.

ಎರಡನೆಯ ದಿನ ಹತ್ತಿರದ ಹಟ್ಟಿಯಿಂದ ಬಂದ ಬಡಗರ ಹಿರಿಯರೊಬ್ಬರು ಮಕ್ಕಳ ಜೊತೆ ಕುಳಿತರು. ಬಡಗರು ಎಂದರೆ ಬಡಗಣದಿಂದ, ಅಂದರೆ ಉತ್ತರದ ಮೈಸೂರು ಸೀಮೆಯಿಂದ ಬಂದವರು. ನೀಲಗಿರಿಗೆ ಅವರ ಹೆಸರು ನಾಕುಬೆಟ್ಟ. ಅವರ ಮಾತಿನ ಅರ್ಧ ಮಕ್ಕಳಿಗೆ ನೇರವಾಗಿ ತಿಳಿಯಿತು, ಉಳಿದರ್ಧಕ್ಕೆ ಮೇಸ್ತ್ರಿಯ ಸಹಾಯ ಬೇಕಾಯಿತು. ‘ಅಜ್ಜಾ, ಈ ಕೆರೆ ನಿಮ್ಮ ಚಿಕ್ಕಂದಿನಲ್ಲೂ ಇತ್ತಾ?’ ಎಂದೊಬ್ಬ ಕೇಳಿದ. ಅಜ್ಜ ನಕ್ಕರು. ಕೆರೆಯೂ ಇರಲಿಲ್ಲ, ಆ ಮರವೂ ಇರಲಿಲ್ಲ. ಬರೀ ಹುಲ್ಲು, ಎಮ್ಮೆ, ನಡುವೆ ಹಳ್ಳ ಎಂದರು.

ಕೊಲಂಬೊ ಯೋಜನೆಯಡಿ ಕೆನಡಾ ದೇಶದ ನೆರವಿನಿಂದ ಕುಂದಾ ಜಲವಿದ್ಯುತ್ ಯೋಜನೆ ಶುರುವಾದದ್ದು 1950ರ ದಶಕದಲ್ಲಿ. ಈ ಜೋಡಿ ಅಣೆಕಟ್ಟುಗಳು 1961ರ ಹೊತ್ತಿಗೆ ಎದ್ದವು. ಇಲ್ಲಿಯ ನೀರು ಬೆಟ್ಟದ ಹೊಟ್ಟೆಯೊಳಗಿನ ಸುರಂಗಗಳಲ್ಲಿ ಇಳಿದು, ಒಂದರ ಕೆಳಗೊಂದಿರುವ ವಿದ್ಯುದಾಗಾರಗಳ ಚಕ್ರಗಳನ್ನು ತಿರುಗಿಸುತ್ತ ಭವಾನಿ ನದಿಗೆ, ಭವಾನಿಸಾಗರಕ್ಕೆ, ಕೊನೆಗೆ ಕಾವೇರಿಗೆ ಸೇರುತ್ತದೆ. ಒಂದೇ ನೀರಿಗೆ ಅಷ್ಟು ಸಲ ದುಡಿಮೆ.

ಇಲ್ಲೇ ಇರುವುದು ತೊಡಕು. ಕಾಡಿದ್ದರೆ ನೀರು ಎಂದು ನಾವು ಶಾಲೆಯಲ್ಲಿ ಕಲಿಸುತ್ತೇವೆ. ಆದರೆ ಯಾವ ಕಾಡು? ಪೈಕಾರದ ಕಡೆಯ ಗ್ಲೆನ್‌ಮಾರ್ಗನ್‌ನಲ್ಲಿ ಊಟಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದವರು ಅಕ್ಕಪಕ್ಕದ ಎರಡು ಪುಟ್ಟ ಜಲಾನಯನಗಳನ್ನು 1968ರಿಂದ ವರ್ಷಗಟ್ಟಲೆ ಅಳೆದರು. ಒಂದನ್ನು ಹುಲ್ಲು-ಶೋಲಾ ಇದ್ದ ಹಾಗೆಯೇ ಬಿಟ್ಟು, ಇನ್ನೊಂದರಲ್ಲಿ ನೀಲಗಿರಿ ನೆಟ್ಟರು. ನೆಟ್ಟ ಕಡೆ ಮೊದಲ ಹತ್ತು ವರ್ಷಗಳಲ್ಲಿ ಹರಿದು ಬರುವ ನೀರು ಶೇಕಡಾ 16ರಷ್ಟು ಇಳಿಯಿತು. ಕಡಿದ ಬುಡ ಚಿಗುರಿ ಬೆಳೆದ ಎರಡನೆಯ ಸುತ್ತಿನಲ್ಲಿ ಶೇಕಡಾ 25ರಷ್ಟು. ಇದು ಪೈನಿನ ಲೆಕ್ಕವಲ್ಲ ನಿಜ. ಆದರೆ ದಕ್ಷಿಣ ಆಫ್ರಿಕಾದ ಮೊಕೊಬುಲಾನ್ ಎಂಬಲ್ಲಿ ಹುಲ್ಲುಗಾವಲಿನಲ್ಲಿ ಇದೇ ಪಟುಲಾ ಪೈನ್ ನೆಟ್ಟು ನೋಡಿದಾಗ, ಹನ್ನೆರಡನೆಯ ವರ್ಷಕ್ಕೆ ತೊರೆಯೇ ಬತ್ತಿಹೋಯಿತು. ನೀರು ತುಂಬಲೆಂದು ಕಟ್ಟಿದ ಜಲಾಶಯದ ನೆತ್ತಿಯ ಮೇಲೆ ನೀರು ಕುಡಿಯುವ ಮರಗಳ ಸಾಲು!

ಮಕ್ಕಳಿಗೆ ಇದನ್ನು ಹೇಳಿದಾಗ ಮುಖ ಬಾಡಿತು. ಎರಡು ದಿನ ತಬ್ಬಿಕೊಂಡ ಮರಗಳಲ್ಲವೇ! ‘ಹಾಗಾದ್ರೆ ಕಡಿದುಬಿಡಬೇಕಾ?’ ಎಂದಳು ಮಳೆಯ ಸದ್ದು ಕೇಳಿದ ಹುಡುಗಿ. ನನಗೆ ತೋಚಿದ್ದನ್ನು ಹೇಳಿದೆ. ಒಮ್ಮೆಗೇ ಬೋಳಿಸಿದರೆ ಮಣ್ಣು ಜಾರುತ್ತದೆ, ಬಯಲಾದ ಕಡೆ ಸೀಗೆ ಜಾತಿಯ ವಾಟಲ್ ನುಗ್ಗುತ್ತದೆ. ಸ್ವಲ್ಪಸ್ವಲ್ಪವೇ ತೆಗೆದು ಹುಲ್ಲನ್ನು ಕೈಯಾರೆ ನೆಡಬೇಕು. ಅದು ಅವಳ ವಯಸ್ಸಿನವರು ಮುದುಕರಾಗುವವರೆಗೂ ಮುಗಿಯದ ಕೆಲಸ. ಅವಳು ಒಪ್ಪಿದಳೆಂದು ನನಗನ್ನಿಸಲಿಲ್ಲ.

ತಂದೆ ತಾಯಂದಿರಿಗೆ ಒಂದೆರಡು ಮಾತು. ಈ ನೀರು ಈಜಲಿಕ್ಕಲ್ಲ. ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ಮಟ್ಟ ಏರಿಳಿಯುವುದರಿಂದ ದಂಡೆಯೆಲ್ಲ ಜಾರುವ ಕೆಸರು. ಒಳಗೆ ಕೊರೆಯುವ ಚಳಿ. ಈಜು ಬಲ್ಲವರೂ ಕೈಕಾಲು ಸೆಟೆದು ಮುಳುಗಿಯಾರು. ನಮ್ಮ ಮಕ್ಕಳು ದಂಡೆಯಿಂದ ಇಪ್ಪತ್ತು ಹೆಜ್ಜೆ ಈಚೆಗೆ ಕಟ್ಟಿದ್ದ ಹಗ್ಗ ದಾಟಲಿಲ್ಲ. ಮಳೆಗಾಲದಲ್ಲಂತೂ ಈ ಕಡೆ ತಲೆ ಹಾಕಬೇಡಿ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 800 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿದಿತ್ತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಉಣ್ಣೆಯ ಟೋಪಿ, ಎರಡು ಜೊತೆ ಕಾಲುಚೀಲ, ಡೇರೆಯ ನೆಲಕ್ಕೆ ದಪ್ಪ ಹಾಸು ಇರಲಿ. ಚಳಿ ಮೇಲಿನಿಂದಲ್ಲ, ನೆಲದಿಂದ ಏರುತ್ತದೆ.

ಸ್ವಂತ ವಾಹನವಿದ್ದರೆ 2024ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಜಾರಿಗೆ ಬಂದ ಇ-ಪಾಸಿನ ವಿಚಾರವನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಜಿಲ್ಲೆಯ ಗಡಿಯಲ್ಲೇ ತಡೆಯುತ್ತಾರೆ, ಸ್ಟೀಲಿನದು ಒಯ್ಯಿರಿ. ಮೈಸೂರಿಗೆ ಮರಳುವವರು ಮಧ್ಯಾಹ್ನದ ಊಟ ಮುಗಿಸಿ ಹೊರಟುಬಿಡುವುದು ಕ್ಷೇಮ. ರಾತ್ರಿ 9ಕ್ಕೆ ಬಂಡೀಪುರದ ಗೇಟು ಬಿದ್ದರೆ ತೆರೆಯುವುದು ಮರುದಿನ ಬೆಳಗ್ಗೆ 6ಕ್ಕೆ.